ಜರ್ಮೇನಿಯಂ ಡಿಟೆಕ್ಟರ್‌ನ ದಕ್ಷತೆ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಬಂತೆಂದರೆ ಊರ ಕಡೆಯ ಎಂಎಸ್‌ಸಿ ಮಕ್ಕಳು ಪ್ರಾಜೆಕ್ಟ್‌ಗೆ ಅಂತ ಮುಂಬಯಿಗೆ ಬರುತ್ತಾರೆ. ಡೊಂಬಿವಲಿಯಲ್ಲೋ ಥಾಣೆಯಲ್ಲೋ ಚಿಕ್ಕಪ್ಪನ ಮನೆ. ಬೆಳಗ್ಗೆ ಲೋಕಲ್‌ನಲ್ಲಿ ನೇತಾಡಿಕೊಂಡು ಲ್ಯಾಬು. ಭಾನುವಾರ ಮಾಟುಂಗದಲ್ಲಿ ದೋಸೆ. ಈ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ನನಗೆ ಆ ದೋಸೆಯ ಮುಂದೆಯೇ ಎದುರಾದವು. ನಾನು ವಿಕಿರಣಶೀಲ ಪರಮಾಣುವಿನಿಂದ ಹೊರಡುವ ಗಾಮಾ ಕಿರಣಗಳನ್ನು ಜರ್ಮೇನಿಯಂ ಹರಳಿನ ಡಿಟೆಕ್ಟರ್‌ನಲ್ಲಿ ಎಣಿಸಿಯೇ ಹೊಟ್ಟೆ ಹೊರೆದವನು ಅಂತ ಗೊತ್ತಾದರೆ ಮುಗಿಯಿತು, ಕಾಫಿ ಆರಿದರೂ ಬಿಡುವುದಿಲ್ಲ. ಟಿಶ್ಯೂ ಪೇಪರ್ ಮೇಲೆ ಅದನ್ನೇ ಎಷ್ಟು ಸಲ ಬರೆಯುವುದು? ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ದಕ್ಷತೆ ಅಂದರೆ ಇಲ್ಲಿ ಏನರ್ಥ?

ಲ್ಯಾಬಿನಲ್ಲಿ ಎಲ್ಲರೂ ಎಫಿಶಿಯೆನ್ಸಿ ಅಂತಲೇ ಹೇಳುತ್ತಾರೆ. ಸೋರ್ಸ್‌ನಿಂದ, ಅಂದರೆ ವಿಕಿರಣಶೀಲ ವಸ್ತುವಿನಿಂದ, ಸುತ್ತ ಎಲ್ಲ ದಿಕ್ಕಿಗೂ ಗಾಮಾ ಹೊರಡುತ್ತದೆ. ಬಹುಪಾಲು ಡಿಟೆಕ್ಟರ್ ಕಡೆ ಬರುವುದೇ ಇಲ್ಲ. ಬಂದವುಗಳಲ್ಲಿ ಕೆಲವು ಹರಳನ್ನು ಹಾಯ್ದು ಆಚೆ ಹೋಗುತ್ತವೆ. ಇನ್ನು ಕೆಲವು ಒಂದಿಷ್ಟು ಶಕ್ತಿ ಬಿಟ್ಟು, ಉಳಿದದ್ದನ್ನು ಹೊತ್ತುಕೊಂಡು ಓಡಿಹೋಗುತ್ತವೆ. ತಮ್ಮ ಶಕ್ತಿಯನ್ನು ಪೂರ್ತಿ ಒಳಗೇ ಸುರಿದವು ಮಾತ್ರ ಪೀಕ್‌ನಲ್ಲಿ, ಅಂದರೆ ಶಕ್ತಿಯ ಗ್ರಾಫಿನಲ್ಲಿ ಆ ಶಕ್ತಿಯ ಜಾಗದಲ್ಲಿ ಏಳುವ ಶಿಖರದಲ್ಲಿ, ಬಂದು ಕೂರುತ್ತವೆ. ಹೊರಟ ನೂರರಲ್ಲಿ ಹೀಗೆ ಪೀಕ್‌ಗೆ ಬಂದವು ಎಷ್ಟು? ಆ ಪಾಲೇ ಪೂರ್ಣಶಕ್ತಿ ಪೀಕ್ ದಕ್ಷತೆ. ಪೀಕೋ ಅಲ್ಲವೋ, ಹರಳಿನಲ್ಲಿ ಏನಾದರೂ ಗುರುತು ಬಿಟ್ಟವನ್ನೆಲ್ಲ ಸೇರಿಸಿದರೆ ಅದು ಒಟ್ಟು ದಕ್ಷತೆ. ಇವೆರಡನ್ನು ಬೆರೆಸಬೇಡಿ. ಎರಡನೆಯದು ಮುಂದೆ ಒಂದು ಕಡೆ ಬಂದು ಕಾಡುತ್ತದೆ.

ಅದನ್ನು ಅಳೆಯಲೇಬೇಕಾ? ಡಿಟೆಕ್ಟರ್ ಜೊತೆ ಕಂಪನಿಯವರು ಕಾಗದ ಕೊಟ್ಟಿರುತ್ತಾರಲ್ಲ?

ಅಳೆಯಲೇಬೇಕು. ಡಿಟೆಕ್ಟರ್ ನಿಮಗೆ ಕೊಡುವುದು ಕೌಂಟ್. ನಿಮಗೆ ಬೇಕಾದದ್ದು ಬೆಕೆರೆಲ್, ಅಂದರೆ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತಿವೆ ಅನ್ನುವುದು. ನಡುವಿನ ಸೇತುವೆ ದಕ್ಷತೆ. ಅದು 5 ಪರ್ಸೆಂಟ್ ತಪ್ಪಿದ್ದರೆ ನಿಮ್ಮ ಉತ್ತರವೂ 5 ಪರ್ಸೆಂಟ್ ತಪ್ಪು. ಮೂರು ದಿನ ಕೂತು ಎಣಿಸಿದರೂ ಆ ತಪ್ಪು ಹೋಗುವುದಿಲ್ಲ. ಕಂಪನಿಯ ಕಾಗದದಲ್ಲಿ ಇರುವುದು ಬೇರೆ ಸಂಖ್ಯೆ. ಮುಂದಿನ ಪ್ರಶ್ನೆ ನೋಡಿ.

"ನಮ್ಮದು 30 ಪರ್ಸೆಂಟ್ ಡಿಟೆಕ್ಟರ್." ಅಂದರೆ ನೂರರಲ್ಲಿ ಮೂವತ್ತು ಹಿಡಿಯುತ್ತದೆಯೇ?

ಇಲ್ಲವೇ ಇಲ್ಲ. ಪ್ರತಿ ವರ್ಷ ಒಬ್ಬರಾದರೂ ಇಲ್ಲಿ ಎಡವುತ್ತಾರೆ. ಒಂದು ವರ್ಷ ಒಬ್ಬ ಹುಡುಗ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ 0.30 ಅಂತಲೇ ಹಾಕಿ ಲೆಕ್ಕ ಮಾಡಿದ್ದ!

ಆ 30 ಒಂದು ಹೋಲಿಕೆ. 3 ಇಂಚು ವ್ಯಾಸ, 3 ಇಂಚು ಎತ್ತರದ ಸೋಡಿಯಂ ಅಯೋಡೈಡ್ ಹರಳು ಒಂದು ಕಾಲದಲ್ಲಿ ಎಲ್ಲ ಲ್ಯಾಬಿನಲ್ಲೂ ಇರುತ್ತಿತ್ತು. ಕೋಬಾಲ್ಟ್-60ರ ಸೋರ್ಸನ್ನು 25 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ, 1332 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್, ಗಾಮಾದ ಶಕ್ತಿಯ ಅಳತೆ) ಗಾಮಾಕ್ಕೆ ಅದರ ಪೀಕ್ ದಕ್ಷತೆ 0.0012. ಅಂದರೆ ಸೋರ್ಸ್‌ನಿಂದ ಹೊರಟ 10,000ದಲ್ಲಿ 12. ನಿಮ್ಮ ಜರ್ಮೇನಿಯಂ ಅದೇ ದೂರದಲ್ಲಿ, ಅದೇ ಗಾಮಾಕ್ಕೆ ಇದರ 30 ಪರ್ಸೆಂಟ್ ಹಿಡಿದರೆ ಅದು 30 ಪರ್ಸೆಂಟ್ ಡಿಟೆಕ್ಟರ್. ಲೆಕ್ಕ ಹಾಕಿ: 10,000ದಲ್ಲಿ ಬರೀ 3.6.

ಸೇರು ಪಾವು ಹೋಗಿ ಕಿಲೋ ಬಂದರೂ ಅಜ್ಜಿ ಅಕ್ಕಿಯನ್ನು ಪಾವಿನಲ್ಲೇ ಅಳೆಯುತ್ತಿದ್ದರಲ್ಲ, ಇದೂ ಹಾಗೆಯೇ. ಹಳೆಯ ಅಳತೆ, ಮಾರುಕಟ್ಟೆಯಲ್ಲಿ ಉಳಿದುಕೊಂಡಿದೆ. 100 ಪರ್ಸೆಂಟ್ ದಾಟಿದ ಡಿಟೆಕ್ಟರ್‌ಗಳೂ ಇವೆ, ಗಾಬರಿಯಾಗಬೇಡಿ. ಒಂದು ಮಾತು ಮಾತ್ರ ನೆನಪಿರಲಿ. ಎರಡು ಡಿಟೆಕ್ಟರ್‌ಗಳ ಮೇಲೂ 30 ಅಂತ ಬರೆದಿದ್ದರೂ 60 ಕೆಇವಿಯಲ್ಲಿ ಅವು ಒಂದೇ ಥರ ಇರಬೇಕೆಂದಿಲ್ಲ. ಹರಳಿನ ಆಕಾರ, ಮುಂದಿನ ಕಿಟಕಿ, ಮೇಲಿನ ಸತ್ತ ಪದರ (ಗಾಮಾ ಬಿದ್ದರೂ ಸಿಗ್ನಲ್ ಕೊಡದ ಹೊರ ಪದರ) ಎಲ್ಲ ಬೇರೆ ಬೇರೆ.

ಇಷ್ಟು ಕಡಿಮೆ ಹಿಡಿಯುವ ಜರ್ಮೇನಿಯಂ ಯಾಕೆ ಬೇಕು? ಸೋಡಿಯಂ ಅಯೋಡೈಡ್ ಸಾಲದೇ?

ಹಿಡಿಯುವುದಕ್ಕಿಂತ ಗುರುತಿಸುವುದು ಮುಖ್ಯ. ಸೀಸಿಯಂ-137ರ 662 ಕೆಇವಿ ಪೀಕ್ ಸೋಡಿಯಂ ಅಯೋಡೈಡ್‌ನಲ್ಲಿ ಸುಮಾರು 45 ಕೆಇವಿ ಅಗಲ ಇರುತ್ತದೆ. ಅಲ್ಲೇ ಪಕ್ಕದಲ್ಲಿ ರೇಡಾನ್ ಸಂತತಿಯ (ರೇಡಾನ್ ಅನಿಲ ಒಡೆದು ಹುಟ್ಟುವ ಧಾತುಗಳ) ಬಿಸ್ಮತ್-214ರ 609 ಬಂದು ಅದಕ್ಕೆ ಒರಗಿಕೊಳ್ಳುತ್ತದೆ. ಜರ್ಮೇನಿಯಂನಲ್ಲಿ 1332ರ ಪೀಕ್ ಕೂಡ 2 ಕೆಇವಿಗಿಂತ ತುಸು ಕಡಿಮೆಯೇ ಅಗಲ. ಸೂಜಿ ನೆಟ್ಟ ಹಾಗೆ.

ಕಾರಣ ಸರಳ. ಜರ್ಮೇನಿಯಂನಲ್ಲಿ ಒಂದು ಎಲೆಕ್ಟ್ರಾನ್-ರಂಧ್ರ ಜೋಡಿ ಹುಟ್ಟಿಸಲು ಸುಮಾರು 3 ಎಲೆಕ್ಟ್ರಾನ್ ವೋಲ್ಟ್ ಸಾಕು. 1332 ಕೆಇವಿ ಪೂರ್ತಿ ಸುರಿದರೆ ನಾಲ್ಕೂವರೆ ಲಕ್ಷ ಜೋಡಿ. ಎಣಿಸಲು ಇಷ್ಟು ಸಿಕ್ಕರೆ ಏರುಪೇರು ಕಡಿಮೆ. ಇದಕ್ಕೆ ಬೆಲೆಯೂ ಇದೆ. ಜೋಡಿ ಅಷ್ಟು ಸುಲಭವಾಗಿ ಹುಟ್ಟುವುದಾದರೆ ಕೋಣೆಯ ಶಾಖಕ್ಕೂ ಹುಟ್ಟುತ್ತವೆ. ಅದಕ್ಕೇ ದ್ರವ ಸಾರಜನಕದ ಡ್ಯೂವಾರ್ (ಥರ್ಮಸ್‌ನಂಥ ಪಾತ್ರೆ), ಮೈನಸ್ 196 ಡಿಗ್ರಿ.

ಅಳೆಯಲು ಏನೇನು ಬೇಕು?

ಚಟುವಟಿಕೆ (ಎಷ್ಟು ಬೆಕೆರೆಲ್ ಅನ್ನುವುದು) ಗೊತ್ತಿರುವ ಸೋರ್ಸ್‌ಗಳು, ಅವುಗಳ ಸರ್ಟಿಫಿಕೇಟ್, ಸೋರ್ಸ್ ಅಲುಗಾಡದ ಹಾಗೆ ಕೂರಿಸುವ ಸ್ಟ್ಯಾಂಡ್, ತಾಳ್ಮೆ. ಸೋರ್ಸ್‌ಗಳಲ್ಲಿ ಎತ್ತಿನ ಹಾಗೆ ದುಡಿಯುವುದು ಯುರೋಪಿಯಂ-152. ಒಂದೇ ಬಿಲ್ಲೆಯಿಂದ 122, 245, 344, 779, 964, 1112, 1408 ಕೆಇವಿ ಎಲ್ಲ ಸಿಗುತ್ತವೆ. ಅರ್ಧಾಯುಷ್ಯವೂ ಹದಿಮೂರೂವರೆ ವರ್ಷ. ಕೆಳಗಿನ ಕಡೆಗೆ ಅಮೆರಿಸಿಯಂ-241ರ 59.5, ಬೇರಿಯಂ-133ರ 81ರಿಂದ 384. ನಡುವೆ ಸೀಸಿಯಂ, ಮೇಲೆ ಕೋಬಾಲ್ಟ್-60.

ಮುಂಬಯಿಯಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ದೇಶದಲ್ಲಿ ವಿಕಿರಣದ ಅಳತೆಗೆ ಮೂಲಮಾನ ಕಾಯುವುದು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ, ಬಿಎಆರ್‌ಸಿ. ಐಸೊಟೋಪ್ ಒದಗಿಸುವ ಬ್ರಿಟ್ ಇರುವುದು ವಾಶಿಯಲ್ಲಿ. ನಿಯಮ ನೋಡಿಕೊಳ್ಳುವ ಎಇಆರ್‌ಬಿ ಇರುವುದು ಅಣುಶಕ್ತಿನಗರದಲ್ಲಿ. ಎಲ್ಲ ಒಂದು ಖಾಡಿಯ ಆಚೆ ಈಚೆ.

ಒಂದು ಲೆಕ್ಕ ಮಾಡಿ ತೋರಿಸುತ್ತೀರಾ?

ದಕ್ಷತೆ = ಪೀಕ್‌ನ ನಿವ್ವಳ ಕೌಂಟ್ ÷ (ಇವತ್ತಿನ ಬೆಕೆರೆಲ್ × ಎಣಿಸಿದ ಸೆಕೆಂಡು × ಗಾಮಾ ಪಾಲು)

ಗಾಮಾ ಪಾಲು ಅಂದರೆ ನೂರು ಪರಮಾಣು ಒಡೆದರೆ ಆ ಶಕ್ತಿಯ ಗಾಮಾ ಎಷ್ಟು ಹೊರಡುತ್ತವೆ ಅನ್ನುವುದು. ಸರ್ಟಿಫಿಕೇಟ್ ದಿನ ಕೋಬಾಲ್ಟ್-60 ಸೋರ್ಸ್ 50,000 ಬೆಕೆರೆಲ್ ಇತ್ತು ಅನ್ನೋಣ. ಅರ್ಧಾಯುಷ್ಯ 5.27 ವರ್ಷ. ಸರಿಯಾಗಿ ಅಷ್ಟೇ ಕಾಲ ಕಳೆದಿದ್ದರೆ ಇವತ್ತು 25,000. 1000 ಸೆಕೆಂಡು ಎಣಿಸಿದಿರಿ. ಅಷ್ಟರಲ್ಲಿ 2.5 ಕೋಟಿ ಪರಮಾಣು ಒಡೆದವು. 1332ರ ಗಾಮಾ ಪಾಲು 99.98 ಪರ್ಸೆಂಟ್, ಹಾಗಾಗಿ ಗಾಮಾವೂ 2.5 ಕೋಟಿ ಅಂತಲೇ ಹಿಡಿಯಿರಿ. ಪೀಕ್‌ನಲ್ಲಿ ಸಿಕ್ಕಿದ್ದು 9,000. ಭಾಗಿಸಿದರೆ 0.00036. ದೂರ 25 ಸೆಂಟಿಮೀಟರ್ ಆಗಿದ್ದರೆ ಇದನ್ನು 0.0012ರಿಂದ ಭಾಗಿಸಿ. ಸಿಕ್ಕಿತಲ್ಲ ನಿಮ್ಮ 30 ಪರ್ಸೆಂಟ್?

9,000ದ ವರ್ಗಮೂಲ ಸುಮಾರು 95. ಅಂದರೆ ಎಣಿಕೆಯ ಅನಿಶ್ಚಿತತೆಯೇ 1 ಪರ್ಸೆಂಟ್ ದಾಟಿತು. ಪೀಕ್‌ನಲ್ಲಿ 10,000 ಆದರೂ ತುಂಬುವ ತನಕ ಚಹಾ ಕುಡಿದು ಬನ್ನಿ ಅಂತ ನಾನು ಹೇಳುವುದು ಇದಕ್ಕೇ.

ಗಾಮಾ ಪಾಲು ಎಲ್ಲದಕ್ಕೂ 100 ಅಲ್ಲ, ಮರೆಯಬೇಡಿ. ಸೀಸಿಯಂ-137 ನೂರು ಒಡೆದರೆ 662ರ ಗಾಮಾ ಬರುವುದು 85. ಯುರೋಪಿಯಂನ 344ಕ್ಕೆ 27ರ ಹತ್ತಿರ. ನಿವ್ವಳ ಅಂದಾಗ ಪೀಕ್‌ನ ಕೆಳಗಿನ ದಿಬ್ಬವನ್ನು ಎರಡೂ ಬದಿಯಿಂದ ಅಂದಾಜು ಮಾಡಿ ಕಳೆಯಬೇಕು. ಸಾಫ್ಟ್‌ವೇರ್ ಮಾಡುತ್ತದೆ. ಆದರೂ ಒಮ್ಮೆ ಕಣ್ಣಿಂದ ನೋಡಿ.

ಸರ್ಟಿಫಿಕೇಟ್‌ನಲ್ಲಿ ಏನನ್ನು ಗಮನಿಸಬೇಕು?

ದಿನಾಂಕ! ಇದು ನನ್ನ ಸ್ವಂತ ಕಥೆ. ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕೋಬಾಲ್ಟ್-57ರ ಸೋರ್ಸ್ ಬಂದಿತ್ತು. ಕಾಗದದಲ್ಲಿ 03/07 ಅಂತ ಇತ್ತು. ನಾನು ಜುಲೈ 3 ಅಂತ ಓದಿದೆ. ಬರೆದವರು ತಿಂಗಳನ್ನು ಮೊದಲು ಬರೆಯುವ ದೇಶದವರು, ಅದು ಮಾರ್ಚ್ 7. ನಡುವೆ 118 ದಿನ. ಕೋಬಾಲ್ಟ್-57ರ ಅರ್ಧಾಯುಷ್ಯ 272 ದಿನ. ಅಷ್ಟರಲ್ಲಿ 26 ಪರ್ಸೆಂಟ್ ಕರಗಿಹೋಗಿತ್ತು. ನನ್ನ ಲೆಕ್ಕದಲ್ಲಿ ಅದು ಕರಗಿರಲೇ ಇಲ್ಲ. ಹಾಗಾಗಿ 122 ಕೆಇವಿಯಲ್ಲಿ ದಕ್ಷತೆ 26 ಪರ್ಸೆಂಟ್ ಕಡಿಮೆ ಬಂತು.

ಪುಣ್ಯಕ್ಕೆ ಯುರೋಪಿಯಂನ ಮೊದಲ ಗೆರೆಯೂ 122ರಲ್ಲೇ ಇದೆ. ಶಕ್ತಿಗೆ ಎದುರಾಗಿ ದಕ್ಷತೆ ಗುರುತಿಸಿದ ಗ್ರಾಫಿನಲ್ಲಿ ಒಂದೇ ಜಾಗದಲ್ಲಿ ಇರಬೇಕಾದ ಎರಡು ಚುಕ್ಕೆಗಳು ಮೇಲೊಂದು ಕೆಳಗೊಂದು ನಿಂತವು. ಎರಡು ದಿನ ನಾನು ಡಿಟೆಕ್ಟರನ್ನು ಬೈದೆ. ಮೂರನೇ ದಿನ ಹಿರಿಯರೊಬ್ಬರು ಕಾಗದ ತಿರುಗಿಸಿ ನೋಡಿ, "ಏನಪ್ಪಾ, ನಿನ್ನ ಕ್ಯಾಲೆಂಡರ್ ಯಾವ ದೇಶದ್ದು?" ಅಂದರು. ಅಂದಿನಿಂದ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ. ಮತ್ತೆ, ಒಂದೇ ಶಕ್ತಿಗೆ ಎರಡು ಬೇರೆ ಸೋರ್ಸ್ ಸಿಕ್ಕರೆ ಎರಡನ್ನೂ ಅಳೆಯುತ್ತೇನೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಸೋರ್ಸ್ ಎಷ್ಟು ದೂರ ಇಡಬೇಕು? ಹತ್ತಿರ ಇಟ್ಟರೆ ಬೇಗ ಮುಗಿಯುತ್ತದಲ್ಲ?

ಬೇಗ ಮುಗಿಯುತ್ತದೆ, ನಿಜ. 5 ಸೆಂಟಿಮೀಟರ್ ವ್ಯಾಸದ ಹರಳು ಅಂದುಕೊಳ್ಳಿ. 25 ಸೆಂಟಿಮೀಟರ್ ದೂರದಿಂದ ಅದರ ಮುಖಕ್ಕೆ ಬಂದು ತಾಗುವುದು 400ರಲ್ಲಿ ಒಂದು ಗಾಮಾ. 5 ಸೆಂಟಿಮೀಟರ್‌ನಿಂದಾದರೆ 20ರಲ್ಲಿ ಒಂದು. ಆಸೆ ಆಗುತ್ತದೆ, ಅಲ್ವಾ? ಆದರೆ ಸೋರ್ಸ್ ಒಂದೇ ಮಿಲಿಮೀಟರ್ ಆಚೀಚೆ ಆಯಿತು ಅನ್ನಿ. 25ರಲ್ಲಿ ತಪ್ಪು 0.8 ಪರ್ಸೆಂಟ್. 2 ಸೆಂಟಿಮೀಟರ್‌ನಲ್ಲಿ ಸುಮಾರು 5. ಇನ್ನೊಂದು, ಹರಳು ಮುಚ್ಚಳಕ್ಕೆ ಅಂಟಿಕೊಂಡು ಕೂತಿರುವುದಿಲ್ಲ. ಕೆಲವು ಮಿಲಿಮೀಟರ್ ಹಿಂದೆ ಇರುತ್ತದೆ. ಮುಚ್ಚಳದಿಂದ ಅಳೆದ ದೂರ ಹರಳಿನಿಂದ ಅಳೆದ ದೂರ ಅಲ್ಲ.

ಥರ್ಮೋಕೋಲ್ ತುಂಡಿನ ಮೇಲೆ ಸೋರ್ಸ್ ಇಟ್ಟು ಕೆಲಸ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅಕ್ರಿಲಿಕ್‌ನಲ್ಲಿ ಕಚ್ಚು ಕೊರೆದ ಸ್ಟ್ಯಾಂಡ್ ಮಾಡಿಸಿ. ಕುರ್ಲಾ ಕಡೆ ಯಾವ ಸಣ್ಣ ವರ್ಕ್‌ಶಾಪಿನವರೂ ಮಾಡಿಕೊಡುತ್ತಾರೆ.

ಹತ್ತಿರ ಇಟ್ಟಾಗ ಕೋಬಾಲ್ಟ್-60ರ ಚುಕ್ಕೆಗಳು ಗೆರೆಯಿಂದ ಕೆಳಗೆ ಬೀಳುತ್ತವೆ. ಸೋರ್ಸ್ ಕೆಟ್ಟಿದೆಯೇ?

ಸೋರ್ಸ್ ಚೆನ್ನಾಗಿಯೇ ಇದೆ. ಇದು ಈ ವಿಷಯದ ಅತಿ ದೊಡ್ಡ ಗುಂಡಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮುಂಬಯಿಯ ರೈಲು ಸ್ಟೇಷನ್‌ಗಳಲ್ಲಿ ಬಣ್ಣದ ದೀಪ ಮಿನುಗುವ ತೂಕದ ಯಂತ್ರ ಇರುತ್ತಿತ್ತಲ್ಲ, ನಾಣ್ಯ ಹಾಕಿದರೆ ತೂಕದ ಚೀಟಿ ಕೊಡುವುದು? ತಾಯಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಹತ್ತಿದರೆ ಚೀಟಿಯಲ್ಲಿ ತಾಯಿಯ ತೂಕವೂ ಬರುವುದಿಲ್ಲ, ಕೂಸಿನ ತೂಕವೂ ಬರುವುದಿಲ್ಲ. ಒಟ್ಟಿನದು ಬರುತ್ತದೆ. ಕೋಬಾಲ್ಟ್-60 ಒಡೆದಾಗ ಮೊದಲು 1173, ಹಿಂದೆಯೇ 1332 ಹೊರಡುತ್ತವೆ. ನಡುವಿನ ಅಂತರ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು. ಯಾವ ಡಿಟೆಕ್ಟರ್‌ಗೂ ಅದು ಎರಡು ಅಂತ ತಿಳಿಯುವುದಿಲ್ಲ. ಎರಡೂ ಒಳಗೆ ಬಿದ್ದರೆ 2506ರಲ್ಲಿ ಒಂದು ಪುಟ್ಟ ಪೀಕ್ ಬರುತ್ತದೆ. ಆ ಎರಡೂ ಗಾಮಾ ತಮ್ಮ ತಮ್ಮ ಪೀಕ್‌ನಿಂದ ಕಾಣೆ.

ಅಷ್ಟೇ ಅಲ್ಲ. 1332 ಪೂರ್ತಿ ಒಳಗೆ ಬಿತ್ತು, 1173 ಸುಮ್ನೆ ಒಂದಿಷ್ಟು ಶಕ್ತಿ ಚೆಲ್ಲಿ ಹೊರಗೆ ಹೋಯಿತು ಅನ್ನಿ. ಆಗಲೂ ಮೊತ್ತ 1332 ಅಲ್ಲ, ಪೀಕ್‌ನಿಂದ ಒಂದು ಕೌಂಟ್ ಹೋಯಿತು. ಹಾಗಾಗಿ ನಷ್ಟವನ್ನು ನಿರ್ಧರಿಸುವುದು ಇನ್ನೊಂದು ಗಾಮಾದ ಒಟ್ಟು ದಕ್ಷತೆ. ಮೊದಲ ಉತ್ತರದಲ್ಲಿ ಹೇಳಿದ್ದು ಇಲ್ಲಿ ಕಾಡಿತು ನೋಡಿ.

"ಹಾಗಾದರೆ ದುರ್ಬಲ ಸೋರ್ಸ್ ಇಡುತ್ತೇನೆ" ಅನ್ನುತ್ತಾರೆ. ಅದರಿಂದ ಉಪಯೋಗ ಇಲ್ಲ. ಎರಡೂ ಬರುವುದು ಒಂದೇ ಪರಮಾಣುವಿನಿಂದ. ಸೋರ್ಸ್ ಎಷ್ಟೇ ಸಣ್ಣದಾದರೂ ನಷ್ಟದ ಪಾಲು ಅಷ್ಟೇ. ದೂರ ಇಡುವುದೊಂದೇ ಸುಲಭ ದಾರಿ. 25 ಸೆಂಟಿಮೀಟರ್‌ನಲ್ಲಿ ಈ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಹತ್ತಿರವೇ ಬೇಕು ಅಂದರೆ ಒಂಟಿ ಗಾಮಾದ ಸೋರ್ಸ್ ಬಳಸಿ: ಅಮೆರಿಸಿಯಂ-241, ಕ್ಯಾಡ್ಮಿಯಂ-109ರ 88, ಸೀಸಿಯಂ-137, ಮ್ಯಾಂಗನೀಸ್-54ರ 835. ಅದೂ ಆಗದಿದ್ದರೆ ತಿದ್ದುಪಡಿ ಲೆಕ್ಕ ಮಾಡುವ ಸಾಫ್ಟ್‌ವೇರ್ ಇದೆ.

ನಿಮ್ಮಲ್ಲಿ ಇದು ಎಷ್ಟಿದೆ ಅಂತ ನೋಡುವುದು ಸುಲಭ. ಸೀಸಿಯಂ ಮತ್ತು ಕೋಬಾಲ್ಟ್ ಎರಡನ್ನೂ ಒಮ್ಮೆ ಹತ್ತಿರ, ಒಮ್ಮೆ ದೂರ ಇಟ್ಟು ಎಣಿಸಿ. ಹತ್ತಿರಕ್ಕೆ ತಂದಾಗ ಸೀಸಿಯಂ ಎಷ್ಟು ಪಟ್ಟು ಏರಿತೋ ಕೋಬಾಲ್ಟ್ ಅಷ್ಟು ಏರದಿದ್ದರೆ, ಕೊರತೆಯ ಬಹುಪಾಲು ಇದರದ್ದೇ. ಯುರೋಪಿಯಂ ಇನ್ನೂ ಕಿರಿಕಿರಿ. ಅದರ ಜೊತೆ 40 ಕೆಇವಿ ಆಸುಪಾಸಿನ ಎಕ್ಸ್-ರೇ ಬರುತ್ತವೆ. ಎನ್-ಟೈಪ್ (ಹೊರಗಿನ ಸತ್ತ ಪದರ ತೀರ ತೆಳುವಾಗಿರುವ ಬಗೆ) ಡಿಟೆಕ್ಟರ್‌ನ ತೆಳು ಕಿಟಕಿಯಿಂದ ಅವೂ ಒಳಗೆ ನುಗ್ಗಿ ಮೊತ್ತಕ್ಕೆ ಸೇರುತ್ತವೆ. ಹತ್ತಿರದಲ್ಲಿ ಬರೀ ಯುರೋಪಿಯಂ ಇಟ್ಟು ಗೆರೆ ಎಳೆದವರ ಫಲಿತಾಂಶವನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

(ಬೇಕೆಂದೇ ಕೂಡಿಸುವವರೂ ಇದ್ದಾರೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ಪೆಲೆಟ್ರಾನ್ ವೇಗವರ್ಧಕದ ಪ್ರಯೋಗಗಳಲ್ಲಿ ಕ್ಲೋವರ್ ಡಿಟೆಕ್ಟರ್ ಬಳಸಿದ್ದಾರೆ. ಅದರಲ್ಲಿ ನಾಲ್ಕು ಹರಳು ಒಟ್ಟಿಗೆ ಕೂತಿರುತ್ತವೆ. ಒಂದರಿಂದ ಚದುರಿ ಪಕ್ಕದ್ದಕ್ಕೆ ಹೋದ ಶಕ್ತಿಯನ್ನು ಮತ್ತೆ ಕೂಡಿಸಿ ಪೀಕ್‌ಗೆ ತರುತ್ತಾರೆ. ಅಲ್ಲಿ ಕೂಡಿಸುವುದು ಒಂದೇ ಗಾಮಾದ ಚೂರುಗಳನ್ನು. ಅದು ಬೇರೆ ವಿಷಯ.)

ದಕ್ಷತೆಯ ಗ್ರಾಫ್ ಎರಡೂ ಕಡೆ ಯಾಕೆ ಇಳಿಯುತ್ತದೆ?

ಬಲಕ್ಕೆ ಇಳಿಯುವುದು ಗಾಮಾ ಗಟ್ಟಿಯಾಗುತ್ತಾ ಹೋದಂತೆ ಹರಳಿಗೆ ಅದನ್ನು ಪೂರ್ತಿ ನಿಲ್ಲಿಸಲು ಆಗದ ಕಾರಣ. ಎಡಕ್ಕೆ ಇಳಿಯುವುದು ಗಾಮಾ ಹರಳಿನ ಜೀವಂತ ಭಾಗಕ್ಕೆ ತಲುಪುವ ಮುನ್ನವೇ ಮುಗಿದುಹೋಗುವ ಕಾರಣ. ಅಲ್ಯೂಮಿನಿಯಂ ಮುಚ್ಚಳ ಒಂದಿಷ್ಟು ತಿನ್ನುತ್ತದೆ. ಪಿ-ಟೈಪ್ ಹರಳಿನ ಹೊರಗೆ ಅರ್ಧದಿಂದ ಒಂದು ಮಿಲಿಮೀಟರ್ ಲಿಥಿಯಂ ಪದರ, ಅಂದರೆ ಸತ್ತ ಪದರ, ಇರುತ್ತದೆ, ಅದು ಉಳಿದದ್ದನ್ನು ತಿನ್ನುತ್ತದೆ. ಪಿ-ಟೈಪ್‌ನಲ್ಲಿ ಗುಡ್ಡದ ತುದಿ ಸಾಮಾನ್ಯವಾಗಿ 100ರಿಂದ 150 ಕೆಇವಿ ನಡುವೆ.

ಎರಡೂ ಅಕ್ಷಕ್ಕೆ ಲಾಗರಿದಮ್ ಹಾಕಿದರೆ ಬಲಬದಿ ಹೆಚ್ಚುಕಡಿಮೆ ನೇರ ಗೆರೆ. ಚುಕ್ಕೆಗಳಿಗೆ ಲಾಗ್ ಶಕ್ತಿಯ ಬಹುಪದಿ ಹೊಂದಿಸಿ. ಆದರೆ ಎಂಟು ಚುಕ್ಕೆಗೆ ಆರನೇ ಘಾತ ಹಾಕಬೇಡಿ. ಗೆರೆ ಹೆಚ್ಚುಕಡಿಮೆ ಎಲ್ಲ ಚುಕ್ಕೆಗಳ ಮೇಲೂ ಹಾಯುತ್ತದೆ, ನಡುನಡುವೆ ಹಾವಿನ ಹಾಗೆ ಹೊರಳುತ್ತದೆ. ಚುಕ್ಕೆ ಇಲ್ಲದ ಕಡೆಗೆ ಗೆರೆ ಎಳೆಯುವುದೂ ಬೇಡ, ಮುಖ್ಯವಾಗಿ 60ರ ಕೆಳಗೆ.

ಡೆಡ್ ಟೈಮ್?

ಒಂದು ಗಾಮಾ ಎಣಿಸುವಾಗ ಮುಂದಿನದಕ್ಕೆ ಯಂತ್ರ ಕುರುಡಾಗಿರುವ ಹೊತ್ತು ಡೆಡ್ ಟೈಮ್, ಅದನ್ನು ಕಳೆದು ಉಳಿದದ್ದು ಲೈವ್ ಟೈಮ್. ಲೆಕ್ಕಕ್ಕೆ ಲೈವ್ ಟೈಮ್ ಬಳಸಿ. ಡೆಡ್ ಟೈಮ್ 5 ಪರ್ಸೆಂಟ್ ದಾಟಿದರೆ ಸೋರ್ಸ್ ದೂರ ಸರಿಸಿ. ಅಷ್ಟೇ.

ಬಿಲ್ಲೆ ಸೋರ್ಸ್‌ನಲ್ಲಿ ಅಳೆದ ದಕ್ಷತೆಯನ್ನು ಮಣ್ಣಿಗೆ, ಅಕ್ಕಿಗೆ ಬಳಸಬಹುದೇ?

ಬಳಸಬಾರದು. ಮಣ್ಣಿನ ಡಬ್ಬಿಯಲ್ಲಿ ಗಾಮಾ ಹೊರಡುವುದು ಒಂದು ಚುಕ್ಕೆಯಿಂದ ಅಲ್ಲ, ಡಬ್ಬಿಯ ಮೂಲೆಮೂಲೆಯಿಂದ. ಅದೇ ಡಬ್ಬಿ, ಅದೇ ಎತ್ತರಕ್ಕೆ ಚಟುವಟಿಕೆ ಗೊತ್ತಿರುವ ವಸ್ತು ತುಂಬಿ ದಕ್ಷತೆ ಅಳೆಯಬೇಕು.

ಸಾಂದ್ರತೆಯೂ ಹೊಂದಬೇಕು. ಉಳ್ಳಾಲದ ಕಡಲ ಮರಳು ಗೊತ್ತಲ್ಲ? ಮೊನಜೈಟ್ ಇರುವುದರಿಂದ ಅಲ್ಲಿ ಥೋರಿಯಂ ಜಾಸ್ತಿ. ಮಂಗಳೂರು ಕಡೆಯ ಮಕ್ಕಳು ಅದನ್ನೇ ಪೊಟ್ಟಣ ಕಟ್ಟಿಕೊಂಡು ಬರುತ್ತಾರೆ. ನೀರಿನಲ್ಲಿ ಕರಗಿಸಿದ ಸ್ಟ್ಯಾಂಡರ್ಡ್‌ನಿಂದ ತೆಗೆದ ದಕ್ಷತೆಯನ್ನು ಆ ಭಾರದ ಮರಳಿಗೆ ಹಾಕಿದರೆ, ಥಾಲಿಯಂ-208ರ 2614 ಕೆಇವಿಯಲ್ಲಿ ವ್ಯತ್ಯಾಸ ಸಣ್ಣದು. ಸೀಸ-210ರ 46.5 ಕೆಇವಿಯಲ್ಲಿ ಲೆಕ್ಕ ಪೂರ್ತಿ ಬುಡಮೇಲು. ಮರಳು ತನ್ನ ಗಾಮಾವನ್ನು ತಾನೇ ನುಂಗಿಕೊಳ್ಳುತ್ತದೆ. ಇದಕ್ಕೊಂದು ಸರಳ ಉಪಾಯ ಇದೆ. ತುಂಬಿದ ಡಬ್ಬಿಯ ಮೇಲೆ ಸೋರ್ಸ್ ಇಟ್ಟು ಎಣಿಸಿ, ಆಮೇಲೆ ಸ್ಟ್ಯಾಂಡರ್ಡ್ ಡಬ್ಬಿಯ ಮೇಲೆ ಅದನ್ನೇ ಇಟ್ಟು ಎಣಿಸಿ. ಎಷ್ಟು ದಾಟಿ ಬಂತು ಅನ್ನುವುದರಿಂದ ಎಷ್ಟು ನುಂಗಿತು ಅಂತ ಲೆಕ್ಕ ಮಾಡಬಹುದು.

ಕಂಪ್ಯೂಟರ್‌ನಲ್ಲೇ ಮಾಂಟೆ ಕಾರ್ಲೋ ಮಾಡಿದರೆ ಸಾಲದೇ?

ಮಾಂಟೆ ಕಾರ್ಲೋ ಅಂದರೆ ಒಂದೊಂದು ಗಾಮಾದ ದಾರಿಯನ್ನೂ ದಾಳ ಹಾಕಿದ ಹಾಗೆ ಕಂಪ್ಯೂಟರ್‌ನಲ್ಲಿ ಅನುಕರಿಸುವುದು. ಅದಕ್ಕೆ ಜಿಯಾಂಟ್4, ಎಂಸಿಎನ್‌ಪಿ ಎರಡೂ ಒಳ್ಳೆಯ ಸಾಧನಗಳು. ಆದರೆ ಅವಕ್ಕೆ ಹರಳಿನ ಅಳತೆ ನೀವು ಹೇಳಬೇಕು. ಕಂಪನಿಯ ಚಿತ್ರದಲ್ಲಿರುವ ಸತ್ತ ಪದರದ ದಪ್ಪ ಇವತ್ತಿನದ್ದಲ್ಲ. ಬಹಳ ಜನ ಮಾಡುವುದು ಇಷ್ಟು: ಬಿಲ್ಲೆ ಸೋರ್ಸ್ ಇಟ್ಟು ಅಳೆಯುತ್ತಾರೆ, ಲೆಕ್ಕ ಅದಕ್ಕೆ ಹೊಂದುವ ತನಕ ಪದರದ ದಪ್ಪ ತಿದ್ದುತ್ತಾರೆ, ಆಮೇಲೆ ಅದೇ ಮಾದರಿಯಿಂದ ಮಣ್ಣಿನ ಡಬ್ಬಿಯ ದಕ್ಷತೆ ತೆಗೆಯುತ್ತಾರೆ. ನನಗೂ ಒಪ್ಪಿಗೆ. ಅಳತೆಯೇ ಇಲ್ಲದೆ ಬರೀ ಲೆಕ್ಕ ಅಂದರೆ ಒಪ್ಪಿಗೆ ಇಲ್ಲ.

ಮುಂಬಯಿ ಮಳೆಗೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರು. ಹೈ ವೋಲ್ಟೇಜ್ ಕನೆಕ್ಟರ್‌ನಲ್ಲಿ ತೇವ ಸೇರಿದರೆ ಗದ್ದಲ ಶುರು, ಪೀಕ್ ಅಗಲ ಆಗುತ್ತದೆ. ಮುಚ್ಚಳ ಬೆವರಲು ಶುರುವಾದರೆ ಒಳಗಿನ ನಿರ್ವಾತ ಹಾಳಾಗಿದೆಯೇ ಅಂತ ಮೊದಲು ನೋಡಿ. ಜೋರು ಮಳೆಗೆ ರೇಡಾನ್ ಸಂತತಿ ನೆಲಕ್ಕೆ ಇಳಿದು ಹೊರಗಿನ ಹಿನ್ನೆಲೆ ಏರುತ್ತದೆ. ಡಿಟೆಕ್ಟರ್ ಸುತ್ತ ಕಟ್ಟಿದ ಸೀಸದ ಗೂಡಿನೊಳಗಿನ ಗಾಳಿಯಲ್ಲೂ ರೇಡಾನ್ ಇರುತ್ತದೆ. ಡ್ಯೂವಾರ್‌ನಿಂದ ಆವಿಯಾಗುವ ಸಾರಜನಕವನ್ನು ಕೊಳವೆಯಲ್ಲಿ ಗೂಡಿಗೆ ಬಿಟ್ಟರೆ ಆ ಗಾಳಿ ಹೊರಗೆ ಹೋಗುತ್ತದೆ. ಹೇಗೂ ವ್ಯರ್ಥವಾಗುವ ಆವಿ. ಇನ್ನು ಹಳಿ ಮುಳುಗಿ, ರಸ್ತೆ ಮುಳುಗಿ ಸಾರಜನಕದ ಗಾಡಿಯೇ ಬರದ ದಿನಗಳು. ಮಳೆಗಾಲದಲ್ಲಿ ಒಂದು ವಾರದ ಸಾರಜನಕ ಜಾಸ್ತಿ ಇಟ್ಟುಕೊಳ್ಳಿ.

ಎಷ್ಟು ದಿನಕ್ಕೊಮ್ಮೆ ಮತ್ತೆ ಅಳೆಯಬೇಕು?

ಪೂರ್ತಿ ಗೆರೆಯನ್ನು ವರ್ಷಕ್ಕೊಮ್ಮೆ, ಮತ್ತು ಡಿಟೆಕ್ಟರ್ ಬೆಚ್ಚಗಾಗಿ ಮತ್ತೆ ತಣಿದ ಮೇಲೆ. ವಾರಕ್ಕೊಮ್ಮೆ ಅಮೆರಿಸಿಯಂ ಮತ್ತು ಕೋಬಾಲ್ಟ್-60 ಒಂದೇ ಜಾಗದಲ್ಲಿಟ್ಟು ಎರಡು ಪೀಕ್ ನೋಡಿ. ಕೋಬಾಲ್ಟ್‌ಗೆ ಕ್ಷಯದ ತಿದ್ದುಪಡಿ ಹಾಕಿದ ಮೇಲೂ 59.5 ಮಾತ್ರ ನಿಧಾನವಾಗಿ ಇಳಿಯುತ್ತಿದ್ದರೆ ಸತ್ತ ಪದರ ದಪ್ಪ ಆಗಿದೆ. ಪಿ-ಟೈಪ್ ಡಿಟೆಕ್ಟರನ್ನು ತಿಂಗಳುಗಟ್ಟಲೆ ಬೆಚ್ಚಗೆ ಬಿಟ್ಟರೆ ಲಿಥಿಯಂ ಒಳಗೆ ಹರಡುತ್ತದೆ. ಎರಡೂ ಒಟ್ಟಿಗೆ ಇಳಿದರೆ ಮೊದಲು ಸ್ಟ್ಯಾಂಡ್ ನೋಡಿ, ಯಾರೋ ಸರಿಸಿರುತ್ತಾರೆ.

ನಮ್ಮ ಕಾಲೇಜಿನಲ್ಲಿ ಸೋರ್ಸ್ ಇಲ್ಲ. ಏನೂ ಮಾಡಲಾಗದೇ?

ಒಂದು ಚುಕ್ಕೆ ಮಾಡಬಹುದು. ರಸಾಯನಶಾಸ್ತ್ರ ವಿಭಾಗಕ್ಕೆ ಹೋಗಿ ಶುದ್ಧ ಪೊಟ್ಯಾಸಿಯಂ ಕ್ಲೋರೈಡ್ ಕೇಳಿ. ತೋಟಕ್ಕೆ ಹಾಕುವ ಕೆಂಪು ಪೊಟ್ಯಾಷ್ ಕೂಡ ಅದೇ, ಆದರೆ ಶುದ್ಧ ಅಲ್ಲ, ಲೆಕ್ಕಕ್ಕೆ ಬರುವುದಿಲ್ಲ. ಪ್ರಕೃತಿಯ ಪೊಟ್ಯಾಸಿಯಂನಲ್ಲೆಲ್ಲ ಚೂರು ಪೊಟ್ಯಾಸಿಯಂ-40 ಇದ್ದೇ ಇರುತ್ತದೆ. 100 ಗ್ರಾಂ ಕ್ಲೋರೈಡ್‌ನಲ್ಲಿ ಪೊಟ್ಯಾಸಿಯಂ 52.4 ಗ್ರಾಂ, ಅದರಲ್ಲಿ ಸುಮಾರು 1,640 ಬೆಕೆರೆಲ್. 1461 ಕೆಇವಿಯ ಗಾಮಾ ಪಾಲು 10.7 ಪರ್ಸೆಂಟ್. ಅಂದರೆ ಸೆಕೆಂಡಿಗೆ 175 ಗಾಮಾ. ಒಂಟಿ ಗಾಮಾ, ಹಾಗಾಗಿ ಕೂಡುವ ಕಾಟವೂ ಇಲ್ಲ. ಅರ್ಧಾಯುಷ್ಯ 125 ಕೋಟಿ ವರ್ಷ, ದಿನಾಂಕದ ಗೊಂದಲವೂ ಇಲ್ಲ. ಗೋಡೆಯ ಇಟ್ಟಿಗೆಯಿಂದಲೂ ಅದೇ 1461 ಬರುತ್ತದೆ, ಅದಕ್ಕೇ ಖಾಲಿ ಡಬ್ಬಿಯನ್ನೂ ಅಷ್ಟೇ ಹೊತ್ತು ಎಣಿಸಿ ಕಳೆಯಿರಿ. ಪುಡಿ ತೇವ ಹೀರಿದ್ದರೆ ತೂಗುವ ಮುನ್ನ ಓವನ್‌ನಲ್ಲಿ ಒಣಗಿಸಿ.